ಸೋಗೆ ಕಟ್ಟು ಹಿಡಿದಿಟ್ಟ ಜಾಗ

ಸಮಸ್ತ ನಾಗರಿಕರ ಗಮನಕ್ಕೆ: ಗಡಹಿಂಗ್ಲಜ ಕಡೆಯ ಒಂದು ಸಕ್ಕರೆ ಕಾರಖಾನೆಯ ಟೋಕನ್ ಕೋಣೆಗೆ ಕಂಪ್ಯೂಟರಿನ ಹೊಸ ಹೊದಿಕೆ ದಯಮಾಡಿಸಿದೆ. ಇಚಲಕರಂಜಿ ಬಟ್ಟೆ, ಹಸಿರು ಅಂಚು. ಅದನ್ನು ಹೊದೆಯಬೇಕಾದ ಹೊಸ ಕಂಪ್ಯೂಟರು ಮಾತ್ರ ಇನ್ನೂ ಬರಬೇಕಿದೆ.

ಬೆಳಗಿನ ಆರು ಗಂಟೆ. ಮಹಾಗಾಂವದ ಋತುಜಾ ಕಿಟಕಿಯಲ್ಲಿ ಕೂತು ಕಬ್ಬಿನ ಗಾಡಿಗಳಿಗೆ ನಂಬರ್ ಕೊಡುತ್ತಿದ್ದಾರೆ. ಹಂಗಾಮಿನಲ್ಲಿ ದಿನಕ್ಕೆ ಮುನ್ನೂರು ಗಾಡಿ. ಚೀಟಿ ಹರಿದು ಕೊಡುತ್ತಿದ್ದ ಕಾಲದಲ್ಲಿ ಈ ಅಂಗಳ ಕಬ್ಬಿಗಿಂತ ಜಗಳವನ್ನೇ ಹೆಚ್ಚು ಅರೆಯುತ್ತಿತ್ತು. ಹಾಗಾಗಿ ಋತುಜಾ ಪುಕ್ಕಟೆ ಸಿಗುವ, ಒಳಗನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಒಂದು ಕಂಪ್ಯೂಟರ್ ಭಾಷೆ ಕಲಿತು, ಸರದಿಯ ಪ್ರೋಗ್ರಾಂ ತಾವೇ ಬರೆದರು.

ಪ್ರೋಗ್ರಾಂ ಚೆನ್ನಾಗಿತ್ತು, ಮಧ್ಯಾಹ್ನದವರೆಗೆ. ಆಮೇಲೆ ಮೆಮರಿ ತುಂಬಿ ಪರದೆ ಸ್ತಬ್ಧ. ಹೊರಗೆ ಬಿಸಿಲಲ್ಲಿ ಎತ್ತುಗಳು. ಗಾಡಿಗಳನ್ನು ಸಾಲಿಗೆ ಹಚ್ಚುವ ಧೋಂಡಿಬಾ ಕಿಟಕಿಗೆ ಮುಖವಿಟ್ಟು ಕೇಳುತ್ತಿದ್ದರು: "ಕಾಯ್ ಗಂ, ಏನವಾ, ನಿನ್ನ ಮಷೀನ ಊಟಕ್ಕ ಹೋತೇನ?"

ಆ ಭಾಷೆಯನ್ನು ನಡೆಸುವ ಇಂಟರ್‌ಪ್ರಿಟರ್, ಅರೇ ಎಂಬ ಪಟ್ಟಿಯನ್ನು ಮೆಮರಿಯಲ್ಲಿ ಹೇಗೆ ಇಡುತ್ತದೆಂದು ಋತುಜಾ ಅದರ ಬಳಕೆದಾರರ ಆನ್‌ಲೈನ್ ವೇದಿಕೆಯಲ್ಲಿ ಕೇಳಿದರು. ಕೋಡ್ ಓದಿ ಎಂದವರು ಹಲವರು. ಜೊತೆಗೆ ಓದಲು ಕೂತವರು ಒಬ್ಬರೇ, ಇಚಲಕರಂಜಿಯ ನೂಲಿನ ಅಂಗಡಿಯ ದೀಪಕ. ಫೋನಿನಲ್ಲಿ ವಾರಗಟ್ಟಲೆ ಓದು ಸಾಗಿತು. ಪಟ್ಟಿಯ ತುಣುಕೊಂದನ್ನು ಕೇಳಿದರೆ ಇಂಟರ್‌ಪ್ರಿಟರ್ ಅದರ ನಕಲು ಮಾಡುವುದಿಲ್ಲ, ಹಳೆಯ ಜಾಗವನ್ನೇ ಬೊಟ್ಟು ಮಾಡಿ ತೋರಿಸುತ್ತದೆ. ಆ ತುಣುಕು ಇರುವತನಕ ಇಡೀ ಜಾಗ ತೆರವಾಗುವುದಿಲ್ಲ ಎಂದರು ದೀಪಕ. ಅದು ಋತುಜಾರ ತಲೆಗೆ ಹೋಗಲಿಲ್ಲ.

ಹೋದದ್ದು ಕಿಟಕಿಯಿಂದ ಹೊರಗೆ ನೋಡಿದಾಗ. ಒಂದು ಸಾಲು ಪೂರ್ತಿ ಖಾಲಿಯಾಗದೆ ಅಲ್ಲಿಗೆ ಹೊಸ ಗಾಡಿ ಬಿಡಬಾರದು ಎಂಬುದು ಅಂಗಳದ ರೂಢಿ. ಒಂದು ದಿನ ಸಾಲಿನ ಗಾಡಿಗಳೆಲ್ಲ ತೂಕಕ್ಕೆ ಹೋಗಿದ್ದವು. ಯಾರೋ ತಮ್ಮನಿಗಾಗಿ ಜಾಗ ಹಿಡಿದು ಕಬ್ಬಿನ ಸೋಗೆಯ ಕಟ್ಟೊಂದನ್ನು ಇಟ್ಟಿದ್ದ. ಒಂದು ಕಟ್ಟಿಗೆ ಇಡೀ ಸಾಲು ಬಂದ್. ಧೋಂಡಿಬಾ ಬೈಯುತ್ತಿದ್ದರು.

ಋತುಜಾ ಕೂಡಲೇ ಫೋನ್ ಹಚ್ಚಿದರು. "ದೀಪಕಣ್ಣಾ, ನಾನೂ ಸೋಗಿ ಕಟ್ಟ ಇಟ್ಟ ಕುಂತೇನಿ ನೋಡ್ರಿ."

ಮುಂದಿನ ನಂಬರುಗಳನ್ನು ಹೊರಗಿನ ಬೋರ್ಡಿನಲ್ಲಿ ತೋರಿಸಲೆಂದು ಅವರ ಪ್ರೋಗ್ರಾಂ ಗಳಿಗೆಗೊಮ್ಮೆ ಪಟ್ಟಿಯ ಒಂದು ತುಣುಕನ್ನು ಎತ್ತಿಟ್ಟುಕೊಳ್ಳುತ್ತಿತ್ತು; ಒಂದೊಂದು ತುಣುಕೂ ಇಡೀ ಹಳೆಯ ಪಟ್ಟಿಯ ಜಾಗವನ್ನು ಹಿಡಿದಿಡುತ್ತಿತ್ತು. ತುಣುಕನ್ನು ಬೇರೆಯಾಗಿಯೇ ನಕಲು ಮಾಡಿ ಇಡುವಂತೆ ಪ್ರೋಗ್ರಾಂನ ಒಂದು ಸಾಲು ತಿದ್ದಿದರು. ಮಧ್ಯಾಹ್ನ ದಾಟಿತು. ಪರದೆ ನಿಲ್ಲಲಿಲ್ಲ.

ಅದಾದ ವಾರಕ್ಕೆ, ಯಂತ್ರ ನಿಲ್ಲುತ್ತದೆಂದು ಹಿಂದಿನ ಹಂಗಾಮಿನಲ್ಲಿ ಋತುಜಾ ಹಾಕಿದ್ದ ಅರ್ಜಿಗೆ ಮಂಜೂರಾತಿ ಬಂತು: ಹೊಸ ಕಂಪ್ಯೂಟರ್. ಈ ಹಳೆಯದರ ಪರದೆ ಮಸುಕಾಗಿದೆ, ಕೀಲಿಗಳ ಅಕ್ಷರಗಳು ಅಳಿಸಿಹೋಗಿವೆ. ದೀಪಕ ಖುಷಿಯಿಂದ ಹೊದಿಕೆ ಹೊಲಿಸಿ ಕಳಿಸಿದರು. ನಿಯಮ ಮಾತ್ರ ಒಂದಿತ್ತು: ಹಳೆಯ ಯಂತ್ರ ತಪಾಸಣಾಧಿಕಾರಿಯ ಕಣ್ಣೆದುರೇ ಕೆಟ್ಟು ನಿಲ್ಲಬೇಕು.

ಇವತ್ತು ಅಧಿಕಾರಿ ಭಾವುಸಾಹೇಬರು ಬಂದು ಯಂತ್ರದ ಎದುರು ಕುರ್ಚಿ ಹಾಕಿಸಿಕೊಂಡಿದ್ದಾರೆ. ಮಧ್ಯಾಹ್ನವಾಗುತ್ತದೆ. ಅವರು ಚಹಾದ ಮೇಲೆ ಚಹಾ ಕುಡಿಯುತ್ತಾರೆ, ಯಂತ್ರ ನಂಬರಿನ ಮೇಲೆ ನಂಬರ್ ಕೊಡುತ್ತದೆ. ಒಂದಿನದ ಮಟ್ಟಿಗೆ ಪ್ರೋಗ್ರಾಂನ ಹಳೇ ಸಾಲನ್ನೇ ಹಾಕಿಬಿಡು ಎಂದು ಧೋಂಡಿಬಾ ಕಿಟಕಿಯಲ್ಲಿ ಪಿಸುಗುಟ್ಟುತ್ತಾರೆ.

"ಬ್ಯಾಡ ಕಾಕಾ. ಹೊರಗ ಎತ್ತ ನಿಂತಾವ."

ಸಂಜೆ ಭಾವುಸಾಹೇಬರು ಎದ್ದು, ನಿಯಮ ಅಂದ್ರ ನಿಯಮ ಎಂದು ಮಂಜೂರಾತಿ ರದ್ದು ಮಾಡಿ ಹೊರಡುತ್ತಾರೆ. ಹೊಸ ಹೊದಿಕೆ ಹಳೆಯ ಯಂತ್ರಕ್ಕೆ ದೊಗಳೆ. ಋತುಜಾ ಅದರ ಹಸಿರು ಅಂಚನ್ನು ಮಡಿಚಿ ಒಳಗೆ ಸಿಕ್ಕಿಸುತ್ತಾರೆ.

"ನಿಂತ ಮಷೀನಕ್ಕ ಹೊಸಾದ ಸಿಗತೈತಂತ," ಎಂದು ಫೋನಿನಲ್ಲಿ ದೀಪಕರಿಗೆ ಹೇಳುತ್ತಾರೆ. "ನಂದು ನಿಲ್ಲೂದಿಲ್ರಿ."