ಕಾಯಿಯ ಸದ್ದು ಕೇಳುವ ಕೆಲಸ

ಬಿ.ಕಾಂ. ಮುಗಿಸಿದ ಇಂದುಧರ ಮೂರು ವರ್ಷದಲ್ಲಿ ಅರವತ್ತೆರಡು ಅರ್ಜಿ ಹಾಕಿದ್ದ. ಅದರಿಂದ ಉದ್ಧಾರವಾದದ್ದು ಅಂಚೆ ಇಲಾಖೆ ಒಂದೇ. 2001ರ ಹೊತ್ತಿಗೆ ಅವನಿಗೊಂದು ಬುದ್ಧಿ ಬಂತು: ಖಾಲಿ ಇದೆ ಎಂದು ಪೇಪರಿನಲ್ಲಿ ಬರುವ ಕೆಲಸಕ್ಕೆ ಸಾವಿರ ಜನ, ಇನ್ನೇನು ಖಾಲಿಯಾಗಲಿರುವ ಕೆಲಸ ಮೊದಲು ಮೂಸಿ ನೋಡಿದವನಿಗೆ.

ಪಕ್ಕದ ಮನೆಯ ತಮ್ಮಯ್ಯ ಅರಸೀಕೆರೆಯ ಸಿದ್ದಬಸಪ್ಪನವರ ಕೊಬ್ಬರಿ ಮಂಡಿಯಲ್ಲಿ ಕಾಯಿ ನೋಡುವವರು. ನೋಡುವುದು ಕಣ್ಣಿನಿಂದಲ್ಲ. ಹಳ್ಳಿಗಳಲ್ಲಿ ಅಟ್ಟ ಹತ್ತಿ, ಒಣಗಲು ಬಿಟ್ಟ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಒಳಗೆ ಕೊಬ್ಬರಿ ಗಡಗಡ ಎಂದರೆ ಸುಲಿಯಬಹುದು, ಸುಮ್ಮನಿದ್ದರೆ ಇನ್ನೂ ಹಸಿ.

"ಮನೇಲಿ ಕೂತು ಏನ್ ಕಡಿದು ಕಟ್ಟೆ ಹಾಕ್ತೀಯ, ಬಾರ್ಲಾ," ಎಂದು ತಮ್ಮಯ್ಯ ಅವನನ್ನೂ ಜೊತೆಗೆ ಕರೆದೊಯ್ಯತೊಡಗಿದರು.

ಹಾರನಹಳ್ಳಿಯ ಅಟ್ಟವೊಂದರಲ್ಲಿ ಕಾಯಿಯನ್ನು ಅವನ ಕಿವಿಗೆ ಹಿಡಿದು ಅಲ್ಲಾಡಿಸಿದರು. "ಹೆಂಗೈತೆ ಹೇಳ್ಲಾ?"

"ಗಡಗಡ ಅಂತೈತೆ ಮಾವ!"

"ಭಲೇ!"

ಹತ್ತು ಹಳ್ಳಿ ಸುತ್ತುವಷ್ಟರಲ್ಲಿ ಇಂದುಧರನಿಗೆ ಅರ್ಥವಾಯಿತು. ಗುರುಗಳು ಪಾಠ ಹೇಳುತ್ತಿಲ್ಲ, ಕಿವಿ ಎರವಲು ಪಡೆಯುತ್ತಿದ್ದಾರೆ. ಅವರಿಗೆ ಜೋರು ಮಾತು ಕೇಳಿಸುತ್ತಿತ್ತು, ಕಾಯಿಯ ಸದ್ದು ಇಲ್ಲ.

ಇನ್ನೊಂದು ವಾರ ಅವರ ಜೊತೆಗೇ ಸುತ್ತಿದ. ಆಮೇಲೆ ಒಬ್ಬನೇ ಮಂಡಿಗೆ ಹೋಗಿ ಕೆಲಸ ಕೇಳಿದ.

"ಜಾಗ ಎಲ್ಲೈತಪ್ಪ? ನಿನ್ ಡಿಗ್ರೀನೂ ಕಾಯಿ ಜೊತೆ ಅಟ್ಟಕ್ಕೆ ಹಾಕು, ಒಣಗಲಿ," ಎಂದು ಸಿದ್ದಬಸಪ್ಪ ನಕ್ಕರು.

ಅವನ ಬಾಯಿ ಜಾರಿತು. "ತಮ್ಮಯ್ಯ ಮಾವನಿಗೆ ಕಿವಿ ಕೇಳ್ಸಲ್ಲ ಸಾಹುಕಾರ್ರೇ. ಸದ್ದು ಕೇಳಿ ಹೇಳ್ತಿರೋನು ನಾನೇ."

ಬಾಯಿ ಜಾರಿತು ಎಂದು ಅವನು ಆಮೇಲೆ ತನಗೆ ತಾನೇ ಹೇಳಿಕೊಂಡದ್ದು. ಮಂಡಿಯ ದಾರಿಯಲ್ಲಿ ಆ ಮಾತನ್ನು ಮೂರು ಸಲ ಉರು ಹೊಡೆದಿದ್ದ.

ಸಾಹುಕಾರರು ಅವನಿಗೆ ಸೋಮವಾರದಿಂದ ಬಾ ಎಂದರು. ತಮ್ಮಯ್ಯನವರಿಗೆ, ವಯಸ್ಸಾಯಿತು, ಮನೆಯಲ್ಲಿರಿ ಎಂದರು. "ಹೋಗ್ಲಿ ಬಿಡಿ, ನಾನು ಕಲಿಸಿದ ಹುಡುಗನಿಗೇ ಸಿಕ್ತು," ಎಂದು ತಮ್ಮಯ್ಯ ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು. ಅವರು ಬೈದಿದ್ದರೆ ಇಂದುಧರನಿಗೆ ಎಷ್ಟೋ ಹಾಯಾಗಿರುತ್ತಿತ್ತು.

ಭಾನುವಾರ ಅವರ ಮನೆಗೆ ಹೋದ. ತಮ್ಮಯ್ಯನವರ ಹೆಂಡತಿ ಮುದ್ದಮ್ಮ ಕಾಫಿ ಕೊಟ್ಟು ಒಳಗೆ ಹೋದರು.

"ಮಾವ, ಸಾಹುಕಾರ್ರಿಗೆ ನಿಮ್ಮ ಕಿವಿ ವಿಷಯ ಹೇಳಿದ್ದು ನಾನೇ," ಎಂದ, ತಲೆ ತಗ್ಗಿಸಿ, ಮೆಲ್ಲಗೆ.

"ಏನಂದೆ? ಗಟ್ಟಿಯಾಗಿ ಹೇಳ್ಲಾ!"

ಗಟ್ಟಿಯಾಗಿ ಹೇಳಿದರೆ ಬೀದಿಗೆಲ್ಲ ಕೇಳಿಸುತ್ತದೆ. "ನಾಳೆ ಹಾರನಹಳ್ಳಿಗೆ ಹೋಗ್ತೀನಿ ಅಂದೆ!" ಎಂದು ಕೂಗಿದ.

"ಹೋಗು, ಹೋಗು. ಮೂಲೇಲಿರೋ ಕಾಯಿ ಮರೀಬ್ಯಾಡ, ಅವು ತಡವಾಗಿ ಒಣಗ್ತವೆ."

ಅಡುಗೆಮನೆ ಬಾಗಿಲಲ್ಲಿ ಮುದ್ದಮ್ಮ ನಿಂತಿದ್ದರು. ಅವರ ಕಿವಿ ಚೆನ್ನಾಗಿಯೇ ಇತ್ತು. "ಲೋಟ ಕೊಡಪ್ಪ," ಎಂದು, ಇನ್ನೂ ಅರ್ಧ ಕಾಫಿ ಇದ್ದ ಲೋಟವನ್ನು ಅವನ ಕೈಯಿಂದ ತೆಗೆದುಕೊಂಡು ಒಳಗೆ ಹೋದರು.