ಸಭೆಗೆ ದನಿ ಮರಳಿಸಿದ ವೈರಕ್ಕ

ಭಾನುವಾರ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಚರ್ಚಿನ ಪಕ್ಕದ ಬಾಗಿಲನ್ನು ಭುಜದಿಂದ ದೂಡಿಕೊಂಡು ಒಬ್ಬ ಹೆಂಗಸು ಒಳಗೆ ಬರುತ್ತಾರೆ. ಎರಡೂ ಕೈ ತುಂಬ ವೈರಿನ ಸುರುಳಿ, ಹಲ್ಲಿನ ನಡುವೆ ಪುಟ್ಟ ಟಾರ್ಚು. ನಿನ್ನೆ ಸಂಜೆ ಮೈದಾನದಲ್ಲಿ ನಡೆದ ದೊಡ್ಡ ಸಂಗೀತ ಕಾರ್ಯಕ್ರಮಕ್ಕೆ ಸೌಂಡ್ ನೋಡಿಕೊಂಡವರೂ ಇವರೇ. ಅಲ್ಲಿನ ಧೂಳು ಪ್ಯಾಂಟಿನ ಮಂಡಿಗೆ ಹಾಗೇ ಅಂಟಿದೆ. ಸಾಮಾನು ಕೆಳಗಿಟ್ಟವರು ಮೈಕಿನ ಕಡೆಗೆ ಹೋಗುವುದಿಲ್ಲ. ಹಿಂದಿನ ಬೆಂಚಿಗೆ ಹೋಗಿ ಕೂತು, ಒಮ್ಮೆ ಚಪ್ಪಾಳೆ ತಟ್ಟಿ ಕಿವಿಗೊಡುತ್ತಾರೆ. ಎದ್ದು ಇನ್ನೊಂದು ಬೆಂಚಿಗೆ ಹೋಗುತ್ತಾರೆ. ಮತ್ತೆ ಒಂದು ಚಪ್ಪಾಳೆ.

"ಕೂರೋರಿಗೆ ಹೇಗೆ ಕೇಳುತ್ತೆ ಅಂತ ಕೂತೇ ನೋಡ್ಬೇಕು. ನಿಂತು ನೋಡಿದ್ರೆ ಕಿವಿ ಸುಳ್ಳು ಹೇಳುತ್ತೆ" ಎನ್ನುತ್ತಾರೆ.

ಎಲ್ಲರ ಬಾಯಲ್ಲೂ ಇವರು ವೈರಕ್ಕ. ವಯಸ್ಸು ಐವತ್ತರ ಹತ್ತಿರ. ಈ ಕೆಲಸ ಮೊದಲು ಗಂಡನದಾಗಿತ್ತು. ಸ್ಪೀಕರ್ ಏರಿಸುವಾಗ ಏಣಿ ಜಾರಿ ಅವರು ಸೊಂಟ ಮುರಿದುಕೊಂಡ ವರ್ಷ, ಒಪ್ಪಿಕೊಂಡಿದ್ದ ಕಾರ್ಯಕ್ರಮಗಳನ್ನು ಕೈಬಿಡಲಾಗದೆ ವೈರಕ್ಕ, ಮೈಕುಗಳ ಸದ್ದು ಏರಿಸಿ ಇಳಿಸುವ ಮಿಕ್ಸರಿನ ಮುಂದೆ ನಿಂತರು. ಮೊದಲ ದಿನವೇ ವೇದಿಕೆ ಕಟ್ಟುವವನೊಬ್ಬ, "ಇದು ಅಡುಗೆಮನೆ ಮಿಕ್ಸರ್ ಅಲ್ಲಮ್ಮ" ಎಂದನಂತೆ. "ಅದೂ ಇದೂ ಒಂದೇ ಕಣಪ್ಪ. ಹೆಚ್ಚು ತಿರುಗಿಸಿದ್ರೆ ಒಳಗಿರೋದು ಕೆಡುತ್ತೆ" ಎಂದು ಇವರು ಕೆಲಸಕ್ಕೆ ಕೈ ಹಾಕಿದರು. ಗಂಡ ಈಗ ಮನೆಯ ಮುಂದಿನ ಕೋಣೆಯಲ್ಲಿ ಕೂತು ಕೆಟ್ಟ ಮೈಕು, ಸುಟ್ಟ ಸ್ಪೀಕರುಗಳಿಗೆ ಜೀವ ಕೊಡುತ್ತಾರೆ.

ಚರ್ಚಿನ ಸೌಂಡ್ ಅವರ ಪಾಲಿಗೆ ಸೇವೆ. ಆದರೆ ಎರಡು ವರ್ಷದ ಹಿಂದೆ ಆ ಸೇವೆಯೇ ಅವರಿಗೆ ಮುಳ್ಳಾಯಿತು. ಚರ್ಚಿಗೆ ಹೊಸ ಸ್ಪೀಕರುಗಳು ಬಂದಿದ್ದವು. ಎದುರಿನ ವೇದಿಕೆಗೆ ಬಣ್ಣದ ದೀಪ, ಬೆಂಚುಗಳ ಮೇಲೆ ಕತ್ತಲು. ಗಾಯನ ತಂಡ ಹಾಡಿದರೆ ಕಿಟಕಿಯ ಗಾಜು ಅದುರುತ್ತಿತ್ತು. ಜನ ಮಾತ್ರ ಕೈಕಟ್ಟಿ ನಿಂತು ನೋಡುತ್ತಿದ್ದರು. ಅವರಲ್ಲಿ ವೈರಕ್ಕನ ತಾಯಿಯೂ ಒಬ್ಬರು. ಬುದ್ಧಿ ಬಂದಾಗಿನಿಂದ ಕೀರ್ತನೆ ಹಾಡಿಕೊಂಡು ಬಂದವರು ಬಾಯಿಗೆ ಬೀಗ ಹಾಕಿದ್ದರು.

"ಯಾಕಮ್ಮ, ಮೈಯಲ್ಲಿ ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ನನ್ನ ದನಿ ನಂಗೇ ಕೇಳಲ್ಲ ಕಣೆ. ಹಾಡೋರು ಮುಂದೆ ಇದಾರಲ್ಲ, ನಾನ್ಯಾಕೆ ಅಡ್ಡ ಬರ್ಲಿ?"

ಆ ಮಾತು ಎದೆಯಲ್ಲಿ ಕೂತಿತು. ಅದೇ ವಾರ ಮೈದಾನದಲ್ಲಿ ಕಾರ್ಯಕ್ರಮ. ಹಾಡುತ್ತಿದ್ದ ಗಾಯಕಿ ಪಲ್ಲವಿಯ ಅರ್ಧಕ್ಕೆ ನಿಲ್ಲಿಸಿ ಮೈಕನ್ನು ಜನರ ಕಡೆ ತಿರುಗಿಸಿದರು. ವೈರಕ್ಕ ವಾದ್ಯಗಳ ಸದ್ದನ್ನು ತಗ್ಗಿಸಿದರು. ಇಡೀ ಮೈದಾನ ಹಾಡಿತು. ಬೇಲಿಯ ಪಕ್ಕ ಕಾವಲಿದ್ದ ಪೊಲೀಸಿನವನ ತುಟಿಯೂ ಆಡುತ್ತಿತ್ತು. ಗುರುತು ಪರಿಚಯ ಇಲ್ಲದವರು ಹೆಗಲ ಮೇಲೆ ಕೈ ಹಾಕಿಕೊಂಡಿದ್ದರು.

"ನಂಗೆ ಹೊಟ್ಟೆಕಿಚ್ಚಾಯ್ತು, ನಿಜ ಹೇಳ್ಬೇಕಂದ್ರೆ. ದುಡ್ಡು ಕೊಟ್ಟು ಕೇಳೋಕೆ ಬಂದೋರು ಬಾಯ್ತುಂಬ ಹಾಡ್ತಾರೆ. ಹಾಡೋಕೇ ಅಂತ ಬಂದಿರೋ ನಾವು ಗೋಡೆ ಥರ ನಿಂತಿರ್ತೀವಿ. ಜನರದ್ದು ತಪ್ಪಲ್ಲ. ನನ್ನ ಕೈದೇ ತಪ್ಪು ಅನ್ನಿಸ್ತು."

ಮರುದಿನವೇ ಅವರು ಪಾಸ್ಟರ್ ಅವರ ಕೋಣೆಗೆ ಹೋದರು. ಗಾಯನ ತಂಡ ನಡೆಸುವ ಸಂಗೀತ ಮೇಷ್ಟ್ರೂ ಅಲ್ಲೇ ಇದ್ದರು. ಸದ್ದು ಇಳಿಸಬೇಕು, ಬೆಂಚುಗಳ ಮೇಲೆ ದೀಪ ಹಾಕಬೇಕು ಎಂಬ ಮಾತು ಕೇಳಿ ಮೇಷ್ಟ್ರ ಮುಖ ಗಂಟಿಕ್ಕಿತು. "ಮೈದಾನದಿಂದ ಕಲಿಯೋದು ಅಂದ್ರೆ ಆರಾಧನೆಯನ್ನ ಮನರಂಜನೆ ಮಾಡೋದು ತಾನೇ?"

"ಈಗ ಆಗಿರೋದೇ ಅದು ಮೇಷ್ಟ್ರೇ. ಅಲ್ಲಿಂದ ಸದ್ದು ತಂದ್ವಿ, ದೀಪ ತಂದ್ವಿ. ಜನರ ದನಿ ಒಂದನ್ನ ಅಲ್ಲೇ ಬಿಟ್ಟು ಬಂದ್ವಿ."

ಪಾಸ್ಟರ್ ಒಂದು ತಿಂಗಳ ಗಡುವು ಕೊಟ್ಟರು. "ಆಗ್ಲಿಲ್ಲ ಅಂದ್ರೆ ಚರ್ಚಿನ ಬೀಗದ ಕೈ ನಿಮ್ಮ ಮೇಜಿನ ಮೇಲಿಟ್ಟು ಬೇರೆಯವರಿಗೆ ಜಾಗ ಬಿಡ್ತೀನಿ" ಎಂದು ವೈರಕ್ಕ ತಾವೇ ಮಾತು ಕೊಟ್ಟರು.

ಮೊದಲ ಭಾನುವಾರ ನೆಲಕಚ್ಚಿತು. ಸದ್ದು ಇಳಿದಿತ್ತು, ದೀಪ ಉರಿಯುತ್ತಿತ್ತು. ಬೆಂಚುಗಳಿಂದ ಕೇಳಿಸಿದ್ದು ಕೆಮ್ಮು ಮಾತ್ರ. ಬಾಗಿಲ ಬಳಿ ಒಬ್ಬರು, "ಇವತ್ತು ಕರೆಂಟ್ ಕಮ್ಮಿ ಇತ್ತಾ?" ಎಂದು ಕುಟುಕಿ ಹೋದರು. ಮನೆಗೆ ಬಂದು ಊಟಕ್ಕೂ ಕೂರದ ಹೆಂಡತಿಯನ್ನು ಕಂಡು ಗಂಡ, "ಸ್ಪೀಕರ್ ಆಗಿದ್ರೆ ಬಿಚ್ಚಿ ನೋಡ್ತಿದ್ದೆ. ಜನರನ್ನ ಬಿಚ್ಚೋಕಾಗಲ್ಲ, ಕೇಳ್ಬೇಕು" ಎಂದರು.

ಕೇಳಲು ಹೊರಡುವ ಮೊದಲೇ ಮೇಷ್ಟ್ರು ಮನೆ ಬಾಗಿಲಿಗೆ ಬಂದರು. ಹಂಗಿಸಲು ಬಂದರೇನೋ ಎಂದುಕೊಂಡು ಇವರು ಸೆಟೆದು ನಿಂತರು. ಅವರು ಕುರ್ಚಿ ಎಳೆದುಕೊಂಡು ಕೂತು, ಮೆಲ್ಲಗೆ ಬಾಯಿಬಿಟ್ಟರು. "ನಿಮ್ಮ ಮೈದಾನದ ಜನಕ್ಕೆ ಆ ಹಾಡು ವರ್ಷಗಟ್ಟಲೆ ಬಾಯಿಪಾಠ. ನಾನು ವಾರಕ್ಕೊಂದು ಹೊಸ ಹಾಡು ತರ್ತೀನಿ. ಅದೂ ನನ್ನ ಗಂಟಲಿಗೆ ಹೊಂದೋ ಶ್ರುತೀಲಿ. ಅಷ್ಟು ಮೇಲಕ್ಕೆ ಯಾರು ಏರ್ತಾರೆ? ನೀವೂ ಒಂದು ತಪ್ಪು ಮಾಡಿದ್ರಿ. ಒಂದೇ ಸಲ ಎಲ್ಲ ಇಳಿಸ್ಬಿಟ್ರಿ. ಕೈ ಹಿಡಿದು ಹೊಳೆಗೆ ಇಳಿಸಿ, ಆಮೇಲೆ ಕೈ ಬಿಡ್ಬೇಕು."

"ಅದು ನಂಗೆ ಹೊಳೀಲೇ ಇಲ್ಲ. ಇಬ್ರೂ ಒಂದೊಂದು ತಪ್ಪು ಒಪ್ಕೊಂಡ್ವಿ, ಕಾಫಿ ಕುಡಿದ್ವಿ" ಎಂದು ವೈರಕ್ಕ ನಗುತ್ತಾರೆ.

ಅಲ್ಲಿಂದ ಇಬ್ಬರೂ ಟೊಂಕ ಕಟ್ಟಿದರು. ಮೇಷ್ಟ್ರು ಶ್ರುತಿ ಇಳಿಸಿ, ಹಳೆಯ ಹಾಡುಗಳನ್ನೇ ಮರಳಿ ಮರಳಿ ಹಾಡಿಸಿದರು. ತಂಡದ ಅರ್ಧ ಜನ ವೇದಿಕೆ ಬಿಟ್ಟು ಬೆಂಚುಗಳ ನಡುವೆ ನಿಂತರು. ಹಾಡಿನ ಮೊದಲ ಸಾಲಿಗೆ ತಂಡದ ದನಿ ಗಟ್ಟಿಯಾಗಿ ಬರುವಂತೆ ನೋಡಿಕೊಂಡು, ಸಭೆ ಎತ್ತಿಕೊಳ್ಳುತ್ತಿದ್ದಂತೆ ವೈರಕ್ಕ ಮೈಕುಗಳನ್ನು ಕೂದಲೆಳೆಯಷ್ಟೇ ಇಳಿಸುತ್ತ ಬಂದರು. ಎರಡನೆಯ ವಾರ ಗುನುಗು, ಮೂರನೆಯ ವಾರ ಅಲ್ಲಲ್ಲಿ ದನಿ. ಗಡುವಿನ ಕೊನೆಯ ಭಾನುವಾರ, ಹಾಡಿನ ಮೂರನೆಯ ಚರಣಕ್ಕೆ ಮೈಕುಗಳೆಲ್ಲ ಪೂರ್ತಿ ಇಳಿದಿದ್ದವು. ಯಾರಿಗೂ ಅದು ಗೊತ್ತಾಗಲಿಲ್ಲ. ಸಭೆ ತನ್ನ ಪಾಡಿಗೆ ತಾನು ಹಾಡುತ್ತಿತ್ತು. ಮೇಷ್ಟ್ರು ವೇದಿಕೆಯಿಂದ ಇಳಿದು ಬಂದು ಮೊದಲ ಬೆಂಚಿನವರ ಜೊತೆ ನಿಂತುಬಿಟ್ಟರು.

ಅವತ್ತು ಹತ್ತಿರದ ಬೇಕರಿ ನಡೆಸುವವರೊಬ್ಬರೂ ಬಂದಿದ್ದರು. ಹೆಂಡತಿ ತೀರಿಕೊಂಡ ಮೇಲೆ ಚರ್ಚಿನ ಕಡೆ ತಲೆ ಹಾಕದಿದ್ದವರು. ಅದು ಅವರ ಹೆಂಡತಿಗೆ ಇಷ್ಟವಾದ ಹಾಡು. ಎರಡು ಸಾಲು ಹಾಡುವಷ್ಟರಲ್ಲಿ ಮುಂದಕ್ಕೆ ಹಾಡಲಾಗದೆ ಕೂತುಬಿಟ್ಟರು. ಅಕ್ಕಪಕ್ಕದವರು ಹಾಡು ನಿಲ್ಲಿಸಲಿಲ್ಲ, ಇನ್ನಷ್ಟು ಹತ್ತಿರ ಸರಿದು ಹಾಡಿದರು. ಹೋಗುವಾಗ ಅವರು ಮಿಕ್ಸರಿನ ಬಳಿ ಬಂದು, "ನನ್ನಿಂದ ಹಾಡೋಕಾಗ್ಲಿಲ್ಲ ಅಕ್ಕ. ನನ್ನ ಪಾಲಿಂದು ಅವರೇ ಹಾಡಿದ್ರು" ಎಂದರು. ಇದನ್ನು ಹೇಳುವಾಗ ವೈರಕ್ಕ ವೈರು ಸುತ್ತುವುದನ್ನು ನಿಲ್ಲಿಸುತ್ತಾರೆ.

ಬೀಗದ ಕೈ ಇನ್ನೂ ಅವರ ಬಳಿಯೇ ಇದೆ. ಈಗಲೂ ತಿಂಗಳಿಗೊಮ್ಮೆ ಯಾರಾದರೂ ಸದ್ದು ಸಾಲದೆಂದು ದೂರು ತರುತ್ತಾರೆ. ಇವರು ಜಗ್ಗುವುದಿಲ್ಲ. ಹಾಗೆಂದು ಮೈದಾನದ್ದೆಲ್ಲ ಚರ್ಚಿಗೆ ಬರಲಿ ಎನ್ನುವವರೂ ಅಲ್ಲ. "ಅಲ್ಲಿ ಕೊನೆಗೆ ಎಲ್ರೂ ಹಾಡಿದೋರ ಕಡೆ ತಿರುಗಿ ಚಪ್ಪಾಳೆ ತಟ್ತಾರೆ. ಅದು ಅವರಿಗೆ ಸಲ್ಲಬೇಕಾದ್ದೇ. ಇಲ್ಲಿ ಸ್ತೋತ್ರ ಯಾರಿಗೆ ಸಲ್ಲಬೇಕು ಅನ್ನೋದು ಮರೀಬಾರ್ದು. ಮುಂದೆ ನಿಂತೋರು ದೇವರಿಗೆ ಅಡ್ಡ ಆಗ್ಬಾರ್ದು. ಹಿಂದೆ ಕೂತಿರೋ ನಾನೂ ಅಷ್ಟೇ."

ಆರಾಧನೆ ಶುರುವಾಗುವ ಹೊತ್ತು. ಜನ ಒಬ್ಬೊಬ್ಬರಾಗಿ ಬಂದು ಕೂರುತ್ತಿದ್ದಾರೆ. ನಿಮಗೇನಾದರೂ ಆಸೆ ಉಳಿದಿದೆಯೇ ಎಂದರೆ, ಅವರು ಮಿಕ್ಸರಿನಿಂದ ಕಣ್ಣು ತೆಗೆಯದೆ ಉತ್ತರಿಸುತ್ತಾರೆ.

"ಇಷ್ಟು ವರ್ಷದಲ್ಲಿ ನಾನು ಒಂದು ಹಾಡನ್ನೂ ಪೂರ್ತಿ ಹಾಡಿಲ್ಲ. ಕೈಯೆಲ್ಲ ಇಲ್ಲೇ ಇರುತ್ತೆ. ಮೇಷ್ಟ್ರಿಗೆ ಮಿಕ್ಸರ್ ಕಲಿಸ್ತಿದೀನಿ. ಕಲಿತ್ರೆ ಒಂದು ಭಾನುವಾರ ಬೆಂಚಲ್ಲಿ ಕೂತು ಮೊದಲಿಂದ ಕೊನೇತನಕ ಹಾಡ್ಬೇಕು. ನನ್ನ ದನಿ ಕಾಗೆ ದನಿ, ಗೊತ್ತು. ಪರವಾಗಿಲ್ಲ, ಅಕ್ಕಪಕ್ಕದೋರು ಸೇರಿಸ್ಕೊಳ್ತಾರೆ."