ಮೇಲಿನ ಮನೆಯವರ ಎರಡನೆಯ ಆಲ್ಬಮ್

ದೇಶದ ರಾಜಧಾನಿಯ ಲಕ್ಷ್ಮೀ ನಗರದಲ್ಲಿ ಮೇಲಿನ ಮನೆಯಿಂದ ಕೆಳಗಿನವರಿಗೆ ಇಳಿದುಬರುವುದು ಸಾಮಾನ್ಯವಾಗಿ ಒಗೆದ ಬಟ್ಟೆಯ ನೀರು. ನನ್ನ ಪಾಲಿಗೆ ಮಾತ್ರ ಒಂದು ಭಾನುವಾರ ಟ್ರೊಂಬೋನ್ ಎಂಬ ಹಿತ್ತಾಳೆ ತುತ್ತೂರಿಯ ಆರ್ಭಟ ಇಳಿಯಿತು. ಕಚೇರಿಯ ಕಡತಗಳ ಮೌನಕ್ಕೂ ಒಂಟಿ ಮನೆಯ ಮೌನಕ್ಕೂ ಸಮನಾಗಿ ಒಗ್ಗಿಹೋಗಿದ್ದ ಅವಿವಾಹಿತೆ ನಾನು, ಸೆಕ್ಷನ್ ಆಫೀಸರ್ ಹುದ್ದೆಯ ಗಾಂಭೀರ್ಯವನ್ನೆಲ್ಲ ಮುಖಕ್ಕೆ ಬಳಿದುಕೊಂಡು, ಜಗಳಕ್ಕೆಂದೇ ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದವಳು ನಿವೇದಿತಾ. ಇದೇ ಊರಿನ ದ್ವಾರಕಾ ಬಡಾವಣೆಯಲ್ಲಿ ಬೆಳೆದ ಕನ್ನಡದ ಹುಡುಗಿ, ಐವರ ತಂಡದಲ್ಲಿ ಟ್ರೊಂಬೋನ್ ಊದುವವಳು. ನನ್ನ ಹಿಂದಿಯ ಉಚ್ಚಾರಣೆ ಕೇಳುತ್ತಲೇ, "ಆಂಟಿ, ನೀವು ಕನ್ನಡಾನಾ? ಸಾರಿ, ಒಳಗೆ ಬನ್ನಿ, ಚಾಯ್ ಬನ್ ರಹೀ ಹೈ" ಎಂದಳು. ಜಗಳ ಚಹಾದಲ್ಲಿ ಕರಗಿತು. ಅವರದು ಸ್ಕಾ ಎಂಬ ಜಮೈಕಾ ದ್ವೀಪದ ಸಂಗೀತವೆಂದೂ, ಅದರಲ್ಲಿ ಗಿಟಾರಿನ ಮೀಟು ತಾಳದ ಮೇಲೆ ಬೀಳದೆ ಎರಡು ಪೆಟ್ಟುಗಳ ನಡುವಿನ ಖಾಲಿ ಜಾಗದಲ್ಲಿ ಬೀಳುತ್ತದೆಂದೂ ತಿಳಿಯಿತು. ನೀವು ನಗಬಹುದು, ಖಾಲಿ ಜಾಗದ ವಿಷಯದಲ್ಲಿ ನನಗೂ ತಕ್ಕಮಟ್ಟಿನ ಅನುಭವವಿದ್ದುದರಿಂದ ಆ ಸಂಗೀತ ಬೇಗ ಅರ್ಥವಾಯಿತು.

ಅವರ ಮೊದಲ ಆಲ್ಬಮ್ಮನ್ನು ಸ್ನೇಹಿತರಷ್ಟೇ ಕೇಳಿದ್ದರು. ಎರಡನೆಯದು ನನ್ನ ತಲೆಯ ಮೇಲೆಯೇ ಹುಟ್ಟಿ, ಚಳಿಗಾಲವಿಡೀ ತಪ್ಪುತ್ತ ತಿದ್ದಿಕೊಳ್ಳುತ್ತ ಬೆಳೆದು, ನೋಯ್ಡಾದ ಸ್ಟುಡಿಯೋ ಸೇರಿತು. ಒಂದು ಹಾಡಿಗೆ ಚಪ್ಪಾಳೆ ಬೇಕೆಂದು ನನ್ನನ್ನೂ ಕರೆದೊಯ್ದರು. ಎಷ್ಟು ಹೇಳಿಕೊಟ್ಟರೂ ನನ್ನ ಕೈ ತಡವಾಗಿಯೇ ಕೂಡುತ್ತಿತ್ತು. "ಅದೇ ಚೆನ್ನಾಗಿದೆ ಆಂಟಿ, ರಹನೇ ದೋ, ಹಾಗೇ ಇರ್ಲಿ" ಎಂದಳು ನಿವೇದಿತಾ. ಆ ಆಲ್ಬಮ್ ಅವರಿಗೆ ಹೆಸರು ತಂದಿತು, ಹೆಸರು ಮುಂಬೈನ ಕರೆ ತಂದಿತು. ಅವರು ಮೇಲೇರಿದ ಮೆಟ್ಟಿಲೇ ನನ್ನ ಮಟ್ಟಿಗೆ ಅವರು ಇಳಿದುಹೋದ ಮೆಟ್ಟಿಲೂ ಆಯಿತು. ಈಗ ಮೇಲಿರುವವರು ಸಿಎ ಪರೀಕ್ಷೆಗೆ ಓದುವ, ಫ್ಯಾನಿನಷ್ಟೂ ಸದ್ದು ಮಾಡದ ಸಜ್ಜನರು.

ಮೊನ್ನೆ ತಂಡದ ಮೂರನೆಯ ಆಲ್ಬಮ್ ಬಂತು. ಮೊಬೈಲಿನಲ್ಲಿ ಪೂರ್ತಿ ಕೇಳಿದೆ. ಮಧ್ಯಾಹ್ನ ನಿವೇದಿತಾಳ ಫೋನ್.

"ಹೇಗಿದೆ ಆಂಟಿ?"

"ಚೆನ್ನಾಗಿದೆ ಕಣೇ."

"ಸಚ್ ಸಚ್ ಹೇಳಿ."

"ಒಂದೂ ತಪ್ಪಿಲ್ಲ. ಗುಡಿಸಿ ಒರೆಸಿಟ್ಟ ಮನೆ ಹಾಗಿದೆ. ಒಳಗೆ ಯಾರೂ ಇಲ್ಲವೇನೋ ಅನ್ನಿಸ್ತು."

ಇಷ್ಟು ವರ್ಷ ಸ್ವಂತ ಅಭಿಪ್ರಾಯ ಬರೆಯದೆ ಕಡತಗಳನ್ನು ಮುಂದೆ ಕಳಿಸಿದವಳು ಇಲ್ಲೇಕೆ ಬಾಯಿಬಿಟ್ಟೆನೋ ಎಂದು ಹಳಹಳಿಸಿದೆ.

"ಅದರಲ್ಲಿರೋ ಟ್ರೊಂಬೋನ್ ನಂದಲ್ಲ ಆಂಟಿ, ಕಂಪ್ಯೂಟರಿಂದು" ಎಂದಳು. "ಈ ಸಲ ನಾವು ಒಟ್ಟಿಗೆ ಕೂತೇ ಇಲ್ಲ. ಸಬ್ ಅಲಗ್ ಅಲಗ್, ಅವರವರ ಮನೇಲೇ ಮಾಡಿದ್ದು. ಇಲ್ಲಿ ರೂಮಲ್ಲಿ ನಾನೊಬ್ಬಳೇ ಇರ್ತೀನಿ."

"ಊಟ ಆಯ್ತಾ?" ಎಂದೆ.

"ಇಲ್ಲ."

ನನ್ನದೂ ಆಗಿರಲಿಲ್ಲ. ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಸ್ಪೀಕರ್ ಹಾಕಿದೆ. ಅತ್ತ ಅವಳು ತಟ್ಟೆ ತೆಗೆದ ಸದ್ದಾಯಿತು. ಅನ್ನಕ್ಕೆ ಸಾರು ಬಡಿಸಿಕೊಂಡು ಕಾದೆ. ಅವಳು "ಹ್ಞೂಂ" ಎಂದ ಮೇಲೆ ಇಬ್ಬರೂ ಉಣ್ಣತೊಡಗಿದೆವು.